ಕೊಟ್ಟಿಗೆಯ ಮೊಳೆ, ಹಸುವಿನ ಹೃದಯ

ಹೃದ್ರೋಗ ಎಂದೊಡನೆ ನಮಗೆ ನೆನಪಾಗುವುದು ಮನುಷ್ಯರೇ. ರಕ್ತದೊತ್ತಡ, ಕೊಬ್ಬು, ಎದೆನೋವು, ಬೆಂಗಳೂರಿನ ದೊಡ್ಡಾಸ್ಪತ್ರೆ, ಇಷ್ಟರಲ್ಲೇ ಮಾತು ಮುಗಿದುಹೋಗುತ್ತದೆ. ಕೊಟ್ಟಿಗೆಯಲ್ಲಿ ಕಟ್ಟಿರುವ ಹಸುವಿಗೂ ಎಮ್ಮೆಗೂ ಹೃದಯದ ಕಾಯಿಲೆ ಬರುತ್ತದೆ ಎಂದರೆ ಎಷ್ಟೋ ಜನ ನಗುತ್ತಾರೆ. "ಅದೇನು ತುಪ್ಪ ತಿನ್ನುತ್ತದೆಯೇ, ಚಿಂತೆ ಮಾಡುತ್ತದೆಯೇ?" ಎಂದು ಕೇಳುವವರೂ ಉಂಟು. ಕೇಳುವುದರಲ್ಲಿ ಅರ್ಧ ಸತ್ಯವಿದೆ. ಮನುಷ್ಯರಿಗೆ ಆಗುವ ಹಾಗೆ ರಕ್ತನಾಳದಲ್ಲಿ ಕೊಬ್ಬು ಕಟ್ಟಿ ಹೃದಯಾಘಾತವಾಗುವುದು ದನಗಳಲ್ಲಿ ಬಹಳ ಅಪರೂಪ. ಅವುಗಳ ಹೃದಯ ಕೆಡುವ ದಾರಿ ಬೇರೆ. ಆ ದಾರಿ ಅನೇಕ ಸಲ ನಮ್ಮ ಅಡುಗೆಮನೆಯ ಕಲಗಚ್ಚಿನ ಪಾತ್ರೆಯಿಂದಲೇ ಆರಂಭವಾಗುತ್ತದೆ.

ರಾಯದುರ್ಗ, ಮಡಕಶಿರಾ ಕಡೆಯ ಬಂಧುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನ ಬರೆಯುತ್ತಿದ್ದೇನೆ. ೧೯೫೩ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲ್ಲೂಕು ಆ ಕಡೆಗೆ ಹೋಯಿತು. ಮಡಕಶಿರಾ ಮೊದಲಿನಿಂದಲೂ ಅನಂತಪುರ ಜಿಲ್ಲೆಯದು, ೨೦೨೨ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಎರಡೂ ಕಡೆ ಮನೆಮಾತು ಕನ್ನಡವಾಗಿರುವ ಕುಟುಂಬಗಳು ಇಂದಿಗೂ ಬೇಕಾದಷ್ಟಿವೆ. ಆದರೆ ದನದ ಆಸ್ಪತ್ರೆಯ ಗೋಡೆಯ ಮೇಲಿನ ತಿಳುವಳಿಕೆಯ ಫಲಕ ತೆಲುಗಿನಲ್ಲಿರುತ್ತದೆ. ಮಕ್ಕಳು ಓದಿಬಿಡುತ್ತಾರೆ, ಹಸುವನ್ನು ನಿಜವಾಗಿ ನೋಡಿಕೊಳ್ಳುವ ಅಜ್ಜಿಗೆ ಅದು ದಕ್ಕುವುದಿಲ್ಲ. ಆ ಅಜ್ಜಿಗೆ ಯಾರಾದರೂ ಇದನ್ನು ಓದಿ ಹೇಳಲಿ ಎಂಬುದು ನನ್ನ ಆಸೆ.

ಮೊಳೆ ಹೃದಯಕ್ಕೆ ಹೋಗುವುದು ಹೇಗೆ?

ಹಸು ನಮ್ಮ ಹಾಗೆ ತುತ್ತನ್ನು ಆರಿಸಿ ತಿನ್ನುವ ಪ್ರಾಣಿಯಲ್ಲ. ನಾಲಿಗೆಯನ್ನು ಚಾಚಿ ಮೇವನ್ನು ಸುತ್ತಿ ಎಳೆದುಕೊಂಡು, ಅರೆಬರೆ ಅಗಿದು ನುಂಗಿಬಿಡುತ್ತದೆ. ನಿಧಾನವಾಗಿ ಅಗಿಯುವುದೆಲ್ಲ ಆಮೇಲೆ, ಮೆಲುಕು ಹಾಕುವಾಗ. ನಾಲಿಗೆಯ ಮೇಲೆ ಒರಟಾದ ಮುಳ್ಳುಗಳಂಥವು ಗಂಟಲಿನ ಕಡೆಗೇ ಬಾಗಿರುವುದರಿಂದ ಒಮ್ಮೆ ಬಾಯಿಗೆ ಹೋದದ್ದನ್ನು ಉಗುಳುವುದೂ ಅದಕ್ಕೆ ಕಷ್ಟ. ಆಡು, ಕುರಿಗಳು ತುಟಿಯಿಂದ ಒಂದೊಂದೇ ಎಲೆಯನ್ನು ಆಯ್ದುಕೊಳ್ಳುತ್ತವೆ. ಆದ್ದರಿಂದ ಈ ತೊಂದರೆ ಅವಕ್ಕೆ ಬಲು ಕಡಿಮೆ. ಹಸು ಮತ್ತು ಎಮ್ಮೆಗಳೇ ಇದಕ್ಕೆ ಬಲಿ.

ದನದ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿರುವುದು ಶಾಲೆಯಲ್ಲಿ ಓದಿದವರಿಗೆಲ್ಲ ಗೊತ್ತು. ಅವುಗಳಲ್ಲಿ ಎರಡನೆಯದರ ಒಳಮೈ ಜೇನುಗೂಡಿನ ಹಾಗೆ ಆರು ಮೂಲೆಯ ಗುಳಿಗಳಿಂದ ಕೂಡಿದೆ. ಮೇವಿನ ಜೊತೆ ಹೋದ ಮೊಳೆ, ತಂತಿ, ಸೂಜಿ ಇವು ಭಾರವಾದ್ದರಿಂದ ನೇರವಾಗಿ ಬಂದು ಈ ಕೋಣೆಯ ತಳದಲ್ಲಿ ಕೂರುತ್ತವೆ, ಗುಳಿಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಈ ಕೋಣೆ ಹೆಚ್ಚುಕಡಿಮೆ ನಿಮಿಷಕ್ಕೊಮ್ಮೆ ಬಲವಾಗಿ ಹಿಂಡಿಕೊಳ್ಳುತ್ತದೆ. ಮೊಂಡಾದ ವಸ್ತುವಾದರೆ ವರ್ಷಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ. ಚೂಪಾದದ್ದಾದರೆ ಒಂದು ದಿನ ಗೋಡೆಯನ್ನು ತೂರಿಕೊಂಡು ಹೊರಬರುತ್ತದೆ. ಆ ಗೋಡೆಯ ಮುಂದೆ ಇರುವುದು ವಪೆ, ವಪೆಯ ಆಚೆಗೆ ಹೃದಯ. ನಡುವೆ ಇರುವ ಅಂತರ ಕೆಲವೇ ಅಂಗುಲ!

ಹೃದಯದ ಸುತ್ತ ತೆಳುವಾದ ಒಂದು ಚೀಲವಿದೆ. ಹೊಟ್ಟೆಯೊಳಗಿನ ಕೊಳೆಯನ್ನೆಲ್ಲ ಮೈಗೆ ಹಚ್ಚಿಕೊಂಡು ಬಂದ ತಂತಿ ಈ ಚೀಲಕ್ಕೆ ಚುಚ್ಚಿದರೆ ಅಲ್ಲಿ ಕೀವಾಗುತ್ತದೆ, ನೀರು ತುಂಬುತ್ತದೆ. ಹಸುವಿನ ಹೃದಯ ಎರಡು, ಎರಡೂವರೆ ಕಿಲೋ ತೂಗುವ ಗಟ್ಟಿಮುಟ್ಟಾದ ಅಂಗ. ಆದರೂ ಸುತ್ತ ಕೀವು ಒತ್ತಿ ಹಿಡಿದಾಗ ಅದು ಪೂರ್ತಿ ಅರಳಲಾರದು. ಅರಳದಿದ್ದರೆ ರಕ್ತ ಒಳಗೆ ಬರುವುದಿಲ್ಲ, ಮೈಯಲ್ಲೇ ಹಿಂದೆ ನಿಲ್ಲುತ್ತದೆ. ನಾವು ಕಣ್ಣಾರೆ ಕಾಣುವ ಊತವೆಲ್ಲ ಹೀಗೆ ಹಿಂದೆ ನಿಂತ ರಕ್ತದ ಫಲ.

ಗಬ್ಬದ ಕೊನೆಯ ತಿಂಗಳುಗಳಲ್ಲಿ ಮತ್ತು ಕರು ಹಾಕುವ ಹೊತ್ತಿನಲ್ಲಿ ಈ ಅಪಾಯ ಹೆಚ್ಚು. ಬೆಳೆದ ಗರ್ಭ ಹೊಟ್ಟೆಯನ್ನು ಮುಂದಕ್ಕೆ ಒತ್ತುತ್ತದೆ, ಮೇಲೆ ಹೆರಿಗೆಯ ತಿಣುಕು ಬೇರೆ. ವರ್ಷದಿಂದ ತೆಪ್ಪಗೆ ಬಿದ್ದಿದ್ದ ತಂತಿ ಆಗ ಚಲಿಸುತ್ತದೆ. ಕರು ಹಾಕಿದ ವಾರದಲ್ಲೇ ಹಸು ಮೇವು ಬಿಟ್ಟರೆ ನಾವು ದೃಷ್ಟಿಯಾಯಿತು ಎನ್ನುತ್ತೇವೆ, ಬಾಣಂತಿ ಹಸು ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಶುಂಠಿ, ಇಂಗು, ಓಮ ಅರೆದು ಕುಡಿಸುತ್ತೇವೆ. ಇವುಗಳಿಂದ ಹಾನಿಯೇನೂ ಆಗದಿರಬಹುದು. ಹಾನಿಯಾಗುವುದು ಕಳೆದುಹೋಗುವ ದಿನಗಳಿಂದ.

ಮೊದಲ ವಾರ, ಆಮೇಲಿನ ವಾರ

ಈ ಕಾಯಿಲೆಯಲ್ಲಿ ಮೊದಲ ಕೆಲವು ದಿನಗಳೇ ಮುಖ್ಯ. ಆಗ ಕಾಣುವ ಲಕ್ಷಣಗಳು ಸಾಮಾನ್ಯ ಅಜೀರ್ಣದಂತೆಯೇ ತೋರುವುದರಿಂದ ಮೋಸಹೋಗುವುದು ಸುಲಭ. ಹಾಲು ಒಮ್ಮೆಲೇ ಇಳಿದುಬಿಡುತ್ತದೆ. ಬೆಳಿಗ್ಗೆ ಆರು ಲೀಟರ್ ಕೊಟ್ಟ ಹಸು ಸಂಜೆ ಎರಡಕ್ಕೆ ಬರುತ್ತದೆ. ಮೆಲುಕು ನಿಲ್ಲುತ್ತದೆ. ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಮುಂಗಾಲಿನ ಮೊಣಕೈಯನ್ನು ಎದೆಯಿಂದ ದೂರ ಮಾಡಿಕೊಂಡು ನಿಲ್ಲುತ್ತದೆ. ಮಲಗುವಾಗ, ಏಳುವಾಗ, ಸಗಣಿ ಹಾಕುವಾಗ ನರಳುತ್ತದೆ. ಜ್ವರ ಹೆಚ್ಚೇನಿಲ್ಲ, ೧೦೩, ೧೦೪ ಡಿಗ್ರಿ ಇರಬಹುದು. ದನಕ್ಕೆ ಸಹಜವಾದ ಶಾಖವೇ ಸುಮಾರು ೧೦೧ರಿಂದ ೧೦೨ ಡಿಗ್ರಿ ಎಂಬುದು ನೆನಪಿರಲಿ.

ಇನ್ನೊಂದು ಲಕ್ಷಣವನ್ನು ನಮ್ಮ ಗುಡ್ಡದ ಸೀಮೆಯವರು ಬೇಗ ಗುರುತಿಸಬಲ್ಲರು. ಇಂಥ ಹಸು ಏರು ಹತ್ತಲು ಅಷ್ಟು ಹಿಂಜರಿಯುವುದಿಲ್ಲ. ಇಳಿಜಾರಿಗೆ ಬಂದಾಗ ನಿಂತುಬಿಡುತ್ತದೆ. ಇಳಿಯುವಾಗ ಹೊಟ್ಟೆಯ ಭಾರವೆಲ್ಲ ವಪೆಯ ಮೇಲೆ ಬಂದು ಚುಚ್ಚಿದ ಜಾಗ ನೋಯುತ್ತದೆ. ಬೆನ್ನಿನ ಮೇಲೆ, ಹೆಗಲಿನ ಹಿಂದೆ, ಚರ್ಮವನ್ನು ಬಿಗಿಯಾಗಿ ಹಿಡಿದು ಎತ್ತಿ ನೋಡಿ. ಆರೋಗ್ಯವಾದ ಹಸು ಬೆನ್ನನ್ನು ತಗ್ಗಿಸುತ್ತದೆ. ಒಳಗೆ ನೋವಿರುವ ಹಸು ತಗ್ಗಿಸಲು ಒಪ್ಪುವುದಿಲ್ಲ, ನರಳುತ್ತದೆ. ಎದೆಯ ಕೆಳಗೆ ಬಿದಿರು ಹಿಡಿದು ಇಬ್ಬರು ಎತ್ತಿ ನೋಡುವ ಪರೀಕ್ಷೆಯೂ ಇದೆ, ಅದನ್ನು ವೈದ್ಯರೇ ಮಾಡಲಿ.

ಕೆಲವು ದಿನ ಕಳೆದ ಮೇಲೆ ಹಸು ಸ್ವಲ್ಪ ಚೇತರಿಸಿಕೊಂಡಂತೆ ಕಾಣುವುದೂ ಉಂಟು. ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ ಎರಡನೆಯ ಅವಸ್ಥೆ ಆರಂಭವಾಗಿರುತ್ತದೆ. ಕತ್ತಿನ ಎರಡೂ ಪಕ್ಕದ ದೊಡ್ಡ ರಕ್ತನಾಳಗಳು ಹಗ್ಗದಂತೆ ಉಬ್ಬಿ ನಿಲ್ಲುತ್ತವೆ. ದವಡೆಯ ಕೆಳಗೆ, ಗಂಗೆದೊಗಲಿನಲ್ಲಿ, ಎದೆಯ ಮುಂಭಾಗದಲ್ಲಿ ನೀರು ತುಂಬಿದ ಊತ ಕಾಣಿಸುತ್ತದೆ, ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತದೆ. (ಮಡಕಶಿರಾ ಸೀಮೆಯ ಹೇಮಾವತಿಯಲ್ಲಿ, ಅಂದರೆ ನೊಳಂಬರ ಹೆಂಜೇರಿನಲ್ಲಿ, ಕಲ್ಲಿನ ನಂದಿಯನ್ನು ನೋಡಿದವರಿಗೆ ಗಂಗೆದೊಗಲು ಯಾವುದೆಂದು ಹೇಳಬೇಕಾಗಿಲ್ಲ.) ವೈದ್ಯರು ಎದೆಗೆ ಕೊಳವೆಯಿಟ್ಟರೆ ಬಡಿತ ದೂರದಿಂದ ಬಂದಂತೆ ಕೇಳುತ್ತದೆ. ಕೆಲವೊಮ್ಮೆ ಅರ್ಧ ತುಂಬಿದ ಬಿಂದಿಗೆಯನ್ನು ಅಲುಗಿಸಿದ ಹಾಗೆ ನೀರಿನ ಸದ್ದು! ನಾಡಿಯನ್ನು ನೀವೂ ನೋಡಬಹುದು. ಬಾಲದ ಬುಡದಿಂದ ಒಂದು ಅಂಗೈಯಷ್ಟು ಕೆಳಗೆ, ಒಳಮಗ್ಗುಲಲ್ಲಿ ಬೆರಳಿಟ್ಟರೆ ಸಿಗುತ್ತದೆ. ವಿಶ್ರಾಂತಿಯಲ್ಲಿರುವ ದೊಡ್ಡ ಹಸುವಿಗೆ ನಿಮಿಷಕ್ಕೆ ೬೦ರಿಂದ ೮೦ ಬಡಿತ ಸಹಜ. ೧೦೦ ದಾಟಿ, ಜೊತೆಗೆ ಗಂಗೆದೊಗಲು ಊದಿದ್ದರೆ ತಡಮಾಡಬಾರದು.

ಮೊದಲ ಅವಸ್ಥೆಯಲ್ಲಿ ವೈದ್ಯರ ಕೈಗೆ ಸಿಕ್ಕಿದರೆ ಉಪಾಯಗಳಿವೆ. ಹಸುವನ್ನು ಮುಂಗಾಲು ಒಂದು ಗೇಣು ಎತ್ತರದಲ್ಲಿರುವಂತೆ ಹಲಗೆಯ ಮೇಲೆ ಕಟ್ಟಿ, ಚುಚ್ಚುಮದ್ದು ಕೊಟ್ಟು, ಹೊಟ್ಟೆಗೆ ಅಯಸ್ಕಾಂತ ಇಳಿಸಿ ಕೆಲವು ದಿನ ನೋಡುವುದು ಒಂದು ಕ್ರಮ. ಅದಕ್ಕೆ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆ. ಎಡಪಕ್ಕೆಯಲ್ಲಿ ಮರಗಟ್ಟುವ ಮದ್ದು ಕೊಟ್ಟು, ಹಸು ನಿಂತಿರುವಾಗಲೇ ಹೊಟ್ಟೆಯನ್ನು ಕೊಯ್ದು, ಕೈ ಹಾಕಿ ತಂತಿಯನ್ನು ಹುಡುಕಿ ತೆಗೆಯುತ್ತಾರೆ. ಕೇಳಲು ಭಯವೆನಿಸಿದರೂ ಪಶುವೈದ್ಯರಿಗೆ ಇದು ಚೆನ್ನಾಗಿ ಪರಿಚಯವಿರುವ ಚಿಕಿತ್ಸೆ. ಹೃದಯದ ಚೀಲದಲ್ಲಿ ಕೀವು ತುಂಬಿದ ಮೇಲೆ ಮಾತ್ರ ಇದರಿಂದ ಹೆಚ್ಚಿನ ಫಲವಿಲ್ಲ. ಕೀವನ್ನು ಸೂಜಿಯಿಂದ ಎಳೆದರೆ ತಾತ್ಕಾಲಿಕ ಉಪಶಮನ ಸಿಗುತ್ತದೆ, ಅಷ್ಟೇ. ಹಾಲು ಇಳಿದ ದಿನ ಕರೆಯಬೇಕಾದ ವೈದ್ಯರನ್ನು ಗಂಗೆದೊಗಲು ಊದಿದ ದಿನ ಕರೆಯುವುದರಿಂದಲೇ ಬಹಳ ರಾಸುಗಳು ಹೋಗುತ್ತವೆ.

ತಂತಿ ಬರುವುದು ಎಲ್ಲಿಂದ?

ಅನಂತಪುರದ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು ೫೫೦ ಮಿಲಿಮೀಟರ್. ಶೇಂಗಾ ಬಳ್ಳಿ, ರಾಗಿ ಹುಲ್ಲು ಬಣವೆಯಲ್ಲಿರುವಷ್ಟು ದಿನ ಸರಿ. ಬರಗಾಲದಲ್ಲಿ ಬಣವೆ ಕರಗಿದಾಗ ದನಗಳು ಊರೊಳಗೆ ತಿರುಗುತ್ತವೆ, ಸಿಕ್ಕಿದ್ದಕ್ಕೆ ಬಾಯಿ ಹಾಕುತ್ತವೆ. ಖನಿಜಾಂಶ ಕಡಿಮೆಯಾದ ದನ ಮೂಳೆ, ಚರ್ಮ, ಬಟ್ಟೆ ಎಲ್ಲವನ್ನೂ ನೆಕ್ಕಿ ಅಗಿಯುವುದೂ ನಿಮಗೆ ಗೊತ್ತಿರುವುದೇ.

ರಾಯದುರ್ಗ ಇಂದು ಬಳ್ಳಾರಿಯಂತೆಯೇ ಜೀನ್ಸ್ ಹೊಲಿಗೆಯ ಊರು. ಹೊಲಿಗೆ ಇದ್ದಲ್ಲಿ ಮುರಿದ ಸೂಜಿ, ಗುಂಡಿ, ಪಿನ್ನು ಇರುತ್ತವೆ. ಬಟ್ಟೆಯ ಚೂರಿನ ಜೊತೆ ಇವನ್ನೂ ಗುಡಿಸಿ ಬೀದಿಗೆ ಹಾಕಿದರೆ ಮುಂದಿನದು ಹೇಳಬೇಕಾಗಿಲ್ಲ. ಮನೆ ಕಟ್ಟುವಲ್ಲಿ ಕಬ್ಬಿಣದ ಸರಳು ಬಿಗಿಯುವ ಸಣ್ಣ ತಂತಿ, ಹಳೆಯ ಟಯರು ಸುಟ್ಟ ಜಾಗದಲ್ಲಿ ಉಳಿಯುವ ಉಕ್ಕಿನ ಎಳೆ, ಗೋಣಿಚೀಲ ಹೊಲಿದು ಮರೆತ ದಬ್ಬಣ, ಬೇಲಿ ಕಟ್ಟಿ ಉಳಿದ ಮುಳ್ಳುತಂತಿಯ ತುಂಡು, ಇವೆಲ್ಲ ಮೇವಿನೊಳಗೆ ಸೇರುವ ದಾರಿಗಳು. ದೀಪಾವಳಿಯ ಮಾರನೆಯ ದಿನ ಅಂಗಳದಲ್ಲಿ ಬಿದ್ದಿರುವ ಸುರುಸುರು ಬತ್ತಿಯ ಕಡ್ಡಿ ಎಷ್ಟು ಚೂಪಾಗಿರುತ್ತದೆಂದು ಬೆರಳಿನಲ್ಲಿ ಮುಟ್ಟಿ ನೋಡಿ.

ನಮ್ಮ ಸಮಾಜದ ಕಾರ್ಯಕ್ರಮಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಪೂಜೆ, ಮದುವೆ, ಸಂತರ್ಪಣೆಗಳು ಮುಗಿದ ಮೇಲೆ ಊಟದ ಎಲೆಯ ರಾಶಿಗೆ ದನ ಬಂದರೆ ನಮಗೆ ಸಂತೋಷ, ಒಂದು ಜೀವದ ಹೊಟ್ಟೆ ತುಂಬಿತು ಎಂದುಕೊಳ್ಳುತ್ತೇವೆ. ಈಗಿನ ರಾಶಿಯಲ್ಲಿ ಬಾಳೆಎಲೆಯ ಜೊತೆ ಪ್ಲಾಸ್ಟಿಕ್ ಲೋಟ, ಹಲ್ಲುಕಡ್ಡಿ, ಮಂಟಪ ಬಿಚ್ಚಿದ ಮೊಳೆ, ಹೂವಿನ ಅಲಂಕಾರದ ತಂತಿ, ಸೀರೆಗೆ ಸಿಕ್ಕಿಸಿದ ಪಿನ್ನು ಎಲ್ಲ ಇರುತ್ತವೆ. ಜೀವದಯೆಯೆಂದು ಹಾಕಿದ ತುತ್ತೇ ಜೀವಕ್ಕೆ ಕುತ್ತಾಗಬಾರದಲ್ಲ? ತರಕಾರಿ ಸಿಪ್ಪೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ಬೀದಿಗೆ ಎಸೆಯುವುದೂ ಹೀಗೆಯೇ. ದನಕ್ಕೆ ಗಂಟು ಬಿಚ್ಚಲು ಕೈಯಿಲ್ಲ, ಚೀಲದ ಸಮೇತ ನುಂಗುತ್ತದೆ.

ಪುಟ್ಟಪರ್ತಿಯ ಕರುಣಾ ಸೊಸೈಟಿಯವರು ೨೦೧೦ರ ಸುಮಾರಿನಿಂದ ಬೀದಿದನಗಳಿಗೆ ಇಂಥ ಶಸ್ತ್ರಚಿಕಿತ್ಸೆ ಮಾಡಿಸಿದಾಗ ಒಂದೊಂದು ಹೊಟ್ಟೆಯಿಂದ ಕಿಲೋಗಟ್ಟಲೆ ಪ್ಲಾಸ್ಟಿಕ್ಕು, ಅದರ ನಡುವೆ ಮೊಳೆ, ಸೂಜಿಗಳು ಹೊರಬಂದವು. ೨೦೧೨ರಲ್ಲಿ ಅವರು ಈ ವಿಷಯವಾಗಿ ಸುಪ್ರೀಂ ಕೋರ್ಟಿಗೇ ಹೋದರು. ಇದು ನಮ್ಮ ಮಡಕಶಿರಾದ ಇಂದಿನ ಜಿಲ್ಲಾ ಕೇಂದ್ರದಲ್ಲೇ ನಡೆದ ಸಂಗತಿ, ಎಲ್ಲೋ ದೂರದ ದಿಲ್ಲಿಯದಲ್ಲ.

ಅಯಸ್ಕಾಂತದ ವಿಚಾರ

ಕಿರುಬೆರಳಿನ ಉದ್ದದ, ಅದಕ್ಕಿಂತ ಕೊಂಚ ದಪ್ಪನಾದ, ತುದಿ ಗುಂಡಗಿರುವ ಅಯಸ್ಕಾಂತವನ್ನು ವೈದ್ಯರು ಹಸುವಿಗೆ ನುಂಗಿಸುತ್ತಾರೆ. ಹಿಂದಿನ ದಿನ ಮೇವು ಕಡಿಮೆ ಮಾಡಿದ್ದರೆ ಅದು ಸರಿಯಾದ ಕೋಣೆಗೆ ಇಳಿಯುವುದು ಸುಲಭ. ಅಲ್ಲಿಯೇ ಅದು ಹಸುವಿನ ಆಯುಸ್ಸು ಮುಗಿಯುವವರೆಗೂ ಕುಳಿತು, ಬಂದ ಕಬ್ಬಿಣವನ್ನೆಲ್ಲ ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಗೋಡೆಗೆ ಚುಚ್ಚಲು ಬಿಡುವುದಿಲ್ಲ. ಪರದೇಶದ ಹೈನುಗಾರರಲ್ಲಿ ಇದು ಬಹಳ ಕಾಲದ ರೂಢಿ. ವರ್ಷ ತುಂಬಿದ ಕಡಸಿಗೇ ಒಂದು ಹಾಕಿಸಿದರೆ ಮತ್ತೆ ಚಿಂತೆಯಿಲ್ಲ. ಒಂದು ಹಸುವಿಗೆ ಒಂದೇ ಸಾಕು. ಕೊಂಡು ತಂದ ಹಸುವಿನ ಹೊಟ್ಟೆಯಲ್ಲಿ ಆಗಲೇ ಇದೆಯೇ ಎಂದು ತಿಳಿಯಲು ಎಡ ಮೊಣಕೈಯ ಹಿಂದೆ ದಿಕ್ಸೂಚಿ ಹಿಡಿದು ನೋಡುತ್ತಾರೆ. ಇದ್ದರೆ ಮುಳ್ಳು ತಿರುಗುತ್ತದೆ. ಮಕ್ಕಳಿಗೆ ತೋರಿಸಿ, ಖುಷಿಪಡುತ್ತಾರೆ.

ಆದರೆ ತಾಮ್ರ, ಅಲ್ಯುಮಿನಿಯಂ ತಂತಿಗಳು ಅಯಸ್ಕಾಂತಕ್ಕೆ ಅಂಟುವುದಿಲ್ಲ, ಪ್ಲಾಸ್ಟಿಕ್ಕಂತೂ ಇಲ್ಲವೇ ಇಲ್ಲ. ಗೋದಲಿಯನ್ನು ದಿನಾ ಕೈಯಾಡಿಸಿ ನೋಡುವ ಕೆಲಸ ತಪ್ಪಿದ್ದಲ್ಲ. ಹಿಂಡಿ, ಬೂಸದ ಚೀಲವನ್ನು ಬಿಚ್ಚಿ ಮೊರಕ್ಕೆ ಸುರಿದು, ಹಳೆಯ ಧ್ವನಿವರ್ಧಕದ ಅಯಸ್ಕಾಂತವನ್ನು ಒಮ್ಮೆ ಮೇಲೆ ಆಡಿಸಿದರೆ ಏನೇನು ಸಿಗುತ್ತದೆ ನೋಡಿ. ಗೋಶಾಲೆಗೆ ದಾನ ಕೊಡುವ ಮಹನೀಯರು ಹುಲ್ಲಿನ ಜೊತೆಗೆ ಅಲ್ಲಿನ ರಾಸುಗಳಿಗೆ ಅಯಸ್ಕಾಂತ ಹಾಕಿಸುವ ಖರ್ಚನ್ನೂ ವಹಿಸಿಕೊಳ್ಳಬಹುದು. ಬೀದಿಯಲ್ಲಿ ಬೆಳೆದು ಗೋಶಾಲೆಗೆ ಬಂದ ಹಸುವಿಗೆ ಇದರ ಅಗತ್ಯ ಮನೆಯ ಹಸುವಿಗಿಂತ ಹೆಚ್ಚು.

ಇನ್ನೆರಡು ಅಪಾಯಗಳು

ಕಾಲುಬಾಯಿ ಜ್ವರ ಬಂದಾಗ ನಾವು ದೊಡ್ಡ ದನದ ಬಾಯಿ, ಗೊರಸಿನ ಹುಣ್ಣುಗಳನ್ನೇ ನೋಡುತ್ತೇವೆ. ಎಳೆಗರುವಿನಲ್ಲಿ ಆ ವಿಷಾಣು ನೇರವಾಗಿ ಹೃದಯದ ಸ್ನಾಯುವಿಗೆ ಬೀಳುತ್ತದೆ. ಬಾಯಲ್ಲಿ ಒಂದು ಹುಣ್ಣೂ ಇಲ್ಲದ ಕರು ತಾಯಿಯ ಕೆಚ್ಚಲಿಗೆ ಬಾಯಿಟ್ಟಲ್ಲೇ ಕುಸಿದುಬೀಳುವುದು ಇದರಿಂದ. ಕೊಯ್ದು ನೋಡಿದರೆ ಹೃದಯದ ಮೇಲೆ ಹುಲಿಯ ಪಟ್ಟೆಯಂತೆ ಬಿಳಿಚಿದ ಗೆರೆಗಳಿರುತ್ತವೆ, ಪಶುವೈದ್ಯರು ಇದನ್ನು 'ಹುಲಿಹೃದಯ' ಎಂದೇ ಕರೆಯುತ್ತಾರೆ. ೨೦೧೩ರಲ್ಲಿ ಕರ್ನಾಟಕದಲ್ಲಿ ಈ ಜ್ವರ ಸಾವಿರಾರು ರಾಸುಗಳನ್ನು ಕೊಂಡೊಯ್ದದ್ದು ಗಡಿಯ ಈ ಕಡೆಯವರಿಗೂ ನೆನಪಿದೆ. ಇದಕ್ಕೆ ಔಷಧವಿಲ್ಲ, ಲಸಿಕೆಯಿದೆ. ೨೦೧೯ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಆರು ತಿಂಗಳಿಗೊಮ್ಮೆ ಉಚಿತವಾಗಿ ಹಾಕುತ್ತಾರೆ. ಲಸಿಕೆ ಹಾಕಿಸಿದರೆ ಹಾಲು ಇಳಿಯುತ್ತದೆಂದು ಹಸುವನ್ನು ಹಿತ್ತಲಿಗೆ ಅಟ್ಟಿ ಬಚ್ಚಿಡುವವರಿದ್ದಾರೆ. ಎರಡು ದಿನದ ಹಾಲಿಗಾಗಿ ಕರುವನ್ನು ಪಣಕ್ಕಿಡುವುದು ಯಾವ ಲೆಕ್ಕವೋ!

ಎರಡನೆಯದು ಕಣಗಿಲೆ. ಹೂವು ಪೂಜೆಗೆ ಬೇಕೆಂದು ಹಿತ್ತಲಲ್ಲಿ ಬೆಳೆಸುತ್ತೇವೆ, ಹೆದ್ದಾರಿಯ ನಡುವೆಯೂ ಸಾಲುಸಾಲಾಗಿ ನೆಟ್ಟಿದ್ದಾರೆ. ಇದರ ಎಲೆ, ಕಾಂಡ, ಹೂವು ಎಲ್ಲವೂ ಹೃದಯಕ್ಕೆ ವಿಷ. ಒಂದು ಹಿಡಿ ಎಲೆ ದೊಡ್ಡ ಹಸುವನ್ನು ಕೊಲ್ಲಲು ಸಾಕು. ಹಸಿ ಎಲೆ ಕಹಿಯೆಂದು ದನ ಮುಟ್ಟದಿದ್ದರೂ, ಸವರಿ ಹಾಕಿ ಬಾಡಿದ ಎಲೆಯನ್ನು ಒಣಹುಲ್ಲಿನ ಜೊತೆ ತಿಂದುಬಿಡುತ್ತದೆ. ಒಣಗಿದರೂ ವಿಷ ಕಡಿಮೆಯಾಗುವುದಿಲ್ಲ. ಹಳದಿ ಹೂವಿನ ಕಾಡುಕಣಗಿಲೆಯೂ ಇದೇ ಜಾತಿಯ ವಿಷ. ನಿರ್ಮಾಲ್ಯವನ್ನು ಹಸುವಿನ ಮುಂದೆ ಹಾಕುವ ತಾಯಂದಿರು ಕಣಗಿಲೆಯ ಎಲೆ, ರೆಂಬೆ ಅದರಲ್ಲಿಲ್ಲವೆಂದು ನೋಡಿಕೊಳ್ಳಬೇಕು.

ಉಳಿಯದ ಹಸು

ಕಷ್ಟದ ಪ್ರಶ್ನೆಯೊಂದಿದೆ. ವೈದ್ಯರು "ಇದು ಉಳಿಯುವುದಿಲ್ಲ" ಎಂದ ಮೇಲೆ ಏನು ಮಾಡಬೇಕು? ಗೋಹತ್ಯೆ ನಿಷೇಧದ ಕಾಯ್ದೆ ಆಂಧ್ರದಲ್ಲಿ ೧೯೭೭ರಿಂದ ಇದೆ. ಆದರೂ ಇಂಥ ಹಸುವನ್ನು ಕಡಿಮೆ ಬೆಲೆಗೆ ಕೇಳಿಕೊಂಡು ಬರುವ ದಲ್ಲಾಳಿ ಅದನ್ನು ಸಾಕುವುದಕ್ಕೆ ಕೊಳ್ಳುವುದಿಲ್ಲ ಎಂಬುದು ಮಾರುವವರಿಗೂ ತಿಳಿದಿರುತ್ತದೆ. ಊದಿದ ಎದೆಯನ್ನು ಹೊತ್ತು ಲಾರಿಯಲ್ಲಿ ನಿಂತು ಹೋಗುವುದು ಆ ಜೀವಕ್ಕೆ ಎಂಥ ಹಿಂಸೆಯೆಂದು ಮೇಲೆ ಓದಿದವರು ತಾವೇ ಊಹಿಸಬಹುದು. ಬಡವರ ಮನೆಯಲ್ಲಿ ನಾಲ್ಕು ಸಾವಿರವೂ ದೊಡ್ಡದೇ, ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಅನುಕೂಲವಿರುವ ನೆರೆಯವರು ಅಂಥ ಮನೆಗೆ ಆ ಹಣವನ್ನು ತಾವೇ ಕೊಟ್ಟು ಹಸುವನ್ನು ಅಲ್ಲೇ ಉಳಿಸಬಹುದು. ನೆರಳಿನಲ್ಲಿ, ಮೆತ್ತನೆಯ ಹುಲ್ಲಿನ ಮೇಲೆ, ಮುಂಭಾಗ ಎತ್ತರವಾಗಿರುವಂತೆ ಕಟ್ಟದೆ ಬಿಡಿ. ನೀರು ಬಾಯಿಗೆ ಎಟುಕುವಲ್ಲಿರಲಿ. ನೋವು ಕಡಿಮೆ ಮಾಡುವ, ನೀರು ಇಳಿಸುವ ಚುಚ್ಚುಮದ್ದುಗಳನ್ನು ವೈದ್ಯರಿಂದ ಕೇಳಿ ಹಾಕಿಸಿ. ಉಳಿಸಲಾಗದ ಹಸುವಿಗೆ ಔಷಧವೇಕೆ ಎನ್ನಬಾರದು.

ವೈದ್ಯರನ್ನು ಕರೆಯಲು ೧೯೬೨ ಎಂಬ ಉಚಿತ ದೂರವಾಣಿ ಇದೆ, ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ. ಮಾತನಾಡುವಾಗ "ಮೇವು ತಿನ್ನುತ್ತಿಲ್ಲ" ಎಂದಷ್ಟೇ ಹೇಳಬೇಡಿ. ಹಾಲು ಯಾವ ದಿನ ಇಳಿಯಿತು, ಕರು ಹಾಕಿ ಎಷ್ಟು ದಿನವಾಯಿತು, ಇಳಿಜಾರಿನಲ್ಲಿ ನಿಲ್ಲುತ್ತದೆಯೇ, ಗಂಗೆದೊಗಲಿನಲ್ಲಿ ಊತವಿದೆಯೇ, ಹತ್ತಿರದಲ್ಲಿ ಮನೆ ಕಟ್ಟುವ ಕೆಲಸ ನಡೆದಿದೆಯೇ, ಇವನ್ನು ಹೇಳಿ. ಹೊರಡುವ ಮೊದಲೇ ಅವರಿಗೆ ಅರ್ಧ ಕಾಯಿಲೆ ಗೊತ್ತಾಗುತ್ತದೆ.

ಹಸು ತೀರಿಕೊಂಡರೆ ಹೂಳುವ ಮುಂಚೆ ವೈದ್ಯರಿಂದ ಪರೀಕ್ಷೆ ಮಾಡಿಸುವುದಕ್ಕೆ ಮನಸ್ಸು ಒಪ್ಪುವುದಿಲ್ಲ, ನಿಜ. ಆದರೂ ಮಾಡಿಸಿ. ಒಳಗೆ ಸಿಗುವ ತುಂಡು ಎಂಥದೆಂದು ಕೇಳಿ, ನೋಡಿ. ದಬ್ಬಣವಾದರೆ ಚೀಲ ಹೊಲಿಯುವ ಜಾಗ ಬದಲಿಸಬೇಕು, ಟಯರಿನ ಎಳೆಯಾದರೆ ಸುಟ್ಟ ಜಾಗವನ್ನು ಹುಡುಕಿ ಮುಚ್ಚಬೇಕು, ಹೊಲಿಗೆಯ ಸೂಜಿಯಾದರೆ ಬೀದಿಯ ಅಂಗಡಿಯವರಿಗೆ ಹೇಳಬೇಕು. ಅದೇ ಗೋದಲಿಯಲ್ಲಿ ತಿಂದ ಇನ್ನೊಂದು ಹಸು ಕೊಟ್ಟಿಗೆಯಲ್ಲಿದ್ದರೆ, ಅಂದೇ ಅದಕ್ಕೂ ಅಯಸ್ಕಾಂತ ಹಾಕಿಸಿ.